78 ದಿನ ಅಂತ ಸಾರಿದರು, 19 ದಿನದ್ದು ಕೊಟ್ಟರು! ಏಳು ಸಾವಿರದ ಮಿತಿ ತೆಗೆಯಿರಿ

ಹುಬ್ಬಳ್ಳಿಯ ನಾಗರಿಕರೇ, ರೈಲ್ವೆ ಕಾರ್ಮಿಕ ಬಂಧುಗಳೇ, ಗುತ್ತಿಗೆಯಲ್ಲಿ ದುಡಿಯುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ದಸರಾ ಹತ್ತಿರ ಬಂತೆಂದರೆ ಟಿವಿ ಪರದೆಯ ಕೆಳಗೆ ಒಂದು ಸಾಲು ಓಡುತ್ತದೆ: ರೈಲ್ವೆ ನೌಕರರಿಗೆ ಬಂಪರ್, 78 ದಿನಗಳ ಬೋನಸ್! ಮರುದಿನವೇ ಕಿರಾಣಿ ಅಂಗಡಿಯವರು ಹಳೇ ಬಾಕಿ ನೆನಪಿಸುತ್ತಾರೆ. ಮನೆ ಮಾಲೀಕರು ಬಾಡಿಗೆ ಏರಿಸುವ ಮಾತು ತೆಗೆಯುತ್ತಾರೆ. ಎಂದೂ ಫೋನ್ ಮಾಡದ ಬೀಗರು ಕ್ಷೇಮ ವಿಚಾರಿಸುತ್ತಾರೆ. ಎರಡೂವರೆ ತಿಂಗಳ ಪಗಾರ ಒಂದೇ ಸಲ ಕೈಗೆ ಬಂತಲ್ಲ ಎಂಬುದು ಊರಿನ ಲೆಕ್ಕ. ಊರಿನವರದು ತಪ್ಪಿಲ್ಲ. ಕೇಳಿದವರು ಹಾಗೆಯೇ ಲೆಕ್ಕ ಹಾಕುವಂತೆ ಆ ಸುದ್ದಿಯನ್ನು ಹೊರಬಿಡಲಾಗುತ್ತದೆ.

ನಮ್ಮ ಪಗಾರದ ಚೀಟಿಯನ್ನು ನಿಮ್ಮ ಮುಂದೆ ಇಡುತ್ತೇವೆ. ನೀವೇ ಕೂಡಿಸಿ ಕಳೆದು ನೋಡಿ.

ಹಳಿ ಕಾಯುವ ಕೆಲಸಕ್ಕೆ ಹೊಸದಾಗಿ ಸೇರಿದ ಗ್ಯಾಂಗ್‌ಮನ್‌ನ ಮೂಲ ವೇತನ 18,000 ರೂಪಾಯಿ. 2025ರ ಜುಲೈನಿಂದ ತುಟ್ಟಿಭತ್ಯೆ ಶೇ. 58, ಅಂದರೆ 10,440. ಎರಡೂ ಸೇರಿ 28,440. ಈ ಪಗಾರದಲ್ಲಿ 78 ದಿನದ ದುಡ್ಡು ಎಂದರೆ 72,900 ರೂಪಾಯಿ ದಾಟಬೇಕು. ಅವನ ಖಾತೆಗೆ ಬಿದ್ದದ್ದು 17,951. ಮೂವತ್ತು ವರ್ಷ ಎಂಜಿನ್‌ನಲ್ಲಿ ಕೂತು ಕಣ್ಣು ಸವೆಸಿದ ಲೋಕೋ ಪೈಲಟ್‌ಗೂ 17,951. ವರ್ಕ್‌ಶಾಪಿನ ಹಿರಿಯ ಟೆಕ್ನಿಷಿಯನ್‌ಗೂ ಅಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ.

ಯಾಕೆ ಹೀಗೆ? ಸರ್ಕಾರದ ಆದೇಶದಲ್ಲಿ ಒಂದು ಮಿತಿ ಇದೆ. ನೀನು ತಿಂಗಳಿಗೆ ಎಷ್ಟೇ ದುಡಿ, ಬೋನಸ್ ಲೆಕ್ಕಕ್ಕೆ ನಿನ್ನ ತಿಂಗಳ ಪಗಾರ 7,000 ರೂಪಾಯಿ ಮಾತ್ರ ಎಂದು ಅದು ಹೇಳುತ್ತದೆ. ಏಳು ಸಾವಿರವನ್ನು ಹನ್ನೆರಡರಿಂದ ಗುಣಿಸಿ, 365ರಿಂದ ಭಾಗಿಸಿ, 78ರಿಂದ ಗುಣಿಸಿದರೆ 17,951 ಬರುತ್ತದೆ. ಗ್ಯಾಂಗ್‌ಮನ್‌ನ ನಿಜವಾದ ದಿನಗೂಲಿಯಲ್ಲಿ ಅದು ಹತ್ತೊಂಬತ್ತು ದಿನದ ದುಡಿಮೆ. ಒಂದು ತಿಂಗಳ ಮೂಲ ವೇತನಕ್ಕೂ 49 ರೂಪಾಯಿ ಕಡಿಮೆ! ಕೇಂದ್ರ ಸರ್ಕಾರದಲ್ಲಿ ಇಂದು 7,000 ರೂಪಾಯಿಗೆ ಕೆಲಸ ಮಾಡುವ ಕಾಯಂ ನೌಕರ ಒಬ್ಬನೂ ಇಲ್ಲ. ಆದರೂ ಪ್ರತಿ ವರ್ಷ ಅಂಥ ಒಬ್ಬ ಇಲ್ಲದ ನೌಕರನ ಹೆಸರಿನಲ್ಲಿ ಲಕ್ಷಾಂತರ ಜನರ ಬೋನಸ್ ಲೆಕ್ಕವಾಗುತ್ತದೆ.

ರೈಲ್ವೆಯಾಚೆಗಿನ ಕಚೇರಿಗಳ ಕಥೆ ಇನ್ನೂ ಬಡಕಲು. ನಮಗಿರುವಂಥ ಉತ್ಪಾದಕತೆಯ ಬೋನಸ್ ಇಲ್ಲದ ಕೇಂದ್ರ ಇಲಾಖೆಗಳ 'ಸಿ' ದರ್ಜೆ ಹಾಗೂ ಗೆಜೆಟೆಡ್ ಅಲ್ಲದ 'ಬಿ' ದರ್ಜೆ ನೌಕರರಿಗೆ 30 ದಿನದ ತಾತ್ಕಾಲಿಕ ಬೋನಸ್. ಅದು 6,908 ರೂಪಾಯಿ. ನಮ್ಮ ರೈಲುಗಳನ್ನೇ ಕಾಯುವ ಆರ್‌ಪಿಎಫ್ ಸಿಬ್ಬಂದಿಗೂ ಈ ಮೂವತ್ತು ದಿನದ್ದೇ ಗತಿ. ದಿನಗೂಲಿ ನೌಕರರದು ಕೇಳಲೇಬೇಡಿ. ಆರು ದಿನದ ವಾರದ ಕಚೇರಿಯಲ್ಲಿ ವರ್ಷಕ್ಕೆ 240 ದಿನದಂತೆ ಮೂರು ವರ್ಷ ದುಡಿದವರಿಗೆ ಮಾತ್ರ ಅರ್ಹತೆ. ಅವರ ತಿಂಗಳ ಪಗಾರ 1,200 ರೂಪಾಯಿ ಎಂದು ಹಿಡಿದು ಕೊಡುವ ಬೋನಸ್ 1,184 ರೂಪಾಯಿ. ಹಬ್ಬಕ್ಕೆ ಮನೆಮಂದಿಗೆ ಬಟ್ಟೆ ಕೊಳ್ಳುವ ಮಾತು ದೂರ, ಅಂಗಡಿಗೆ ಹೋಗಿಬರುವ ಖರ್ಚು ಕಳೆದರೆ ಉಳಿಯುವುದು ಒಂದು ಸೀರೆಯ ದುಡ್ಡು.

"ಸರ್ಕಾರಿ ನೌಕರಿಯವರಿಗೆ ಬೋನಸ್ ಯಾಕ್ರೀ, ಖಾಯಂ ಪಗಾರ ಇಲ್ಲೇನು?" ಎಂದು ನಮ್ಮೂರ ದುರ್ಗದಬೈಲಿನಲ್ಲಿ ನಮ್ಮನ್ನು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1918ರಲ್ಲಿ ಅಹಮದಾಬಾದಿನ ಗಿರಣಿಗಳಲ್ಲಿ ಪ್ಲೇಗಿನ ಕಾಲಕ್ಕೆಂದು ಕೊಡುತ್ತಿದ್ದ ಬೋನಸ್ ನಿಲ್ಲಿಸಿದಾಗ ಕಾರ್ಮಿಕರು ಸಿಡಿದೆದ್ದರು, ಗಾಂಧೀಜಿ ಅವರ ಜೊತೆ ನಿಂತರು. ಮಾಲೀಕ ಮನಸ್ಸಿಗೆ ಬಂದಾಗ ಕೊಡುವ, ಮನಸ್ಸಿಗೆ ಬಂದಾಗ ಕಿತ್ತುಕೊಳ್ಳುವ ದುಡ್ಡಾಗಿದ್ದ ಬೋನಸ್ಸು ಕಾನೂನಿನ ಹಕ್ಕಾಗಲು ಅಲ್ಲಿಂದ ಐವತ್ತು ವರ್ಷದಷ್ಟು ಕಾಲ ಹಿಡಿಯಿತು. 1965ರಲ್ಲಿ ಬೋನಸ್ ಪಾವತಿ ಕಾಯಿದೆ ಬಂತು. ಕನಿಷ್ಠ ಶೇ. 4, ಗರಿಷ್ಠ ಶೇ. 20. 1972ರಲ್ಲಿ ಕನಿಷ್ಠವನ್ನು ಶೇ. 8.33ಕ್ಕೆ ಏರಿಸಿದರು. ವರ್ಷದ ಹನ್ನೆರಡನೇ ಒಂದು ಭಾಗ, ಅಂದರೆ ಒಂದು ತಿಂಗಳ ಪಗಾರ. ನಷ್ಟದಲ್ಲಿರುವ ಗಿರಣಿ ಮಾಲೀಕನೂ ಇಷ್ಟು ಕೊಡಲೇಬೇಕು ಎಂದು ಸರ್ಕಾರ ಕಟ್ಟುನಿಟ್ಟು ಮಾಡಿತು.

ಆದರೆ ಅದೇ ಕಾಯಿದೆಯ 32ನೇ ಕಲಮಿನಲ್ಲಿ ಒಂದು ಸಾಲು ಇತ್ತು. ಕೇಂದ್ರ ಅಥವಾ ರಾಜ್ಯ ಸರ್ಕಾರದ ಇಲಾಖೆ ನಡೆಸುವ ಉದ್ಯಮದ ನೌಕರರಿಗೆ ಈ ಕಾಯಿದೆ ಅನ್ವಯಿಸದು. ಊರಿಗೆಲ್ಲ ಬೋನಸ್ ಕೊಡಿ ಎಂದು ಅಪ್ಪಣೆ ಮಾಡಿದ ಸರ್ಕಾರ ತನ್ನ ಮನೆಯ ಬಾಗಿಲಿಗೆ ಮಾತ್ರ ಅಗಳಿ ಹಾಕಿಕೊಂಡಿತು.

ಆ ಅಗಳಿ ತೆಗೆಸಲು ನಡೆದದ್ದೇ 1974ರ ರೈಲ್ವೆ ಮುಷ್ಕರ. ಮೇ 8ರಿಂದ 27ರ ತನಕ. ಮುಂದೆ ನಿಂತವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಆಗ ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರು. ಎಂಟು ಗಂಟೆಯ ಕೆಲಸ, ತುಟ್ಟಿಭತ್ಯೆ, ಬೋನಸ್ ಅವರ ಬೇಡಿಕೆಗಳು. ಮುಷ್ಕರ ಶುರುವಾಗುವ ಮುಂಚೆಯೇ ಅವರನ್ನು ಹಿಡಿದು ಜೈಲಿಗೆ ಹಾಕಿದರು. ಸಾವಿರಾರು ಕಾರ್ಮಿಕರು ಜೈಲು ಕಂಡರು, ಸಾವಿರಾರು ಜನ ಕೆಲಸ ಕಳೆದುಕೊಂಡರು, ರೈಲ್ವೆ ಕ್ವಾರ್ಟರ್ಸ್‌ಗಳಿಂದ ಹೆಂಡತಿ ಮಕ್ಕಳನ್ನು ಹೊರಗೆ ಹಾಕಿದರು. ಅದೇ ವರ್ಷದ ಜುಲೈನಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿ ಎಂದು ಹಿಡಿದಿಟ್ಟುಕೊಂಡರು. 1975ರಲ್ಲಿ ತುರ್ತು ಪರಿಸ್ಥಿತಿ ಬಂದದ್ದೇ ತಡ, ಸೆಪ್ಟೆಂಬರಿನಲ್ಲಿ ಮತ್ತೊಂದು ಸುಗ್ರೀವಾಜ್ಞೆ. ಖಾಸಗಿ ಕಾರ್ಮಿಕರ ಕನಿಷ್ಠ ಬೋನಸ್ಸನ್ನೂ ಶೇ. 8.33ರಿಂದ 4ಕ್ಕೆ ಇಳಿಸಲಾಯಿತು. ಪತ್ರಿಕೆಗಳ ಬಾಯಿ ಕಟ್ಟಿದ ದಿನಗಳಲ್ಲಿ ಬೋನಸ್ಸಿಗೂ ಕತ್ತರಿ ಬಿದ್ದದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ನಾವೂ ಮರೆಯಬಾರದು. ಜನತಾ ಸರ್ಕಾರ ಬಂದ ಮೇಲೆ 1977ರಲ್ಲಿ ಶೇ. 8.33 ಮರಳಿತು. 1979-80ರಲ್ಲಿ ರೈಲ್ವೆಗೆ ಉತ್ಪಾದಕತೆ ಆಧಾರಿತ ಬೋನಸ್ ಸಿಕ್ಕಿತು, ಸರ್ಕಾರಿ ಇಲಾಖೆಗಳಲ್ಲೇ ಮೊದಲನೆಯದಾಗಿ.

ಸಿಕ್ಕದ್ದು ಕಾನೂನಿನಿಂದಲ್ಲ, ಆದೇಶದಿಂದ. ಇದೇ ಗಂಟು. ಕಾರ್ಖಾನೆಯವನು ಬೋನಸ್ ಬರದಿದ್ದರೆ ಕಾಯಿದೆ ಹಿಡಿದು ಹೋಗಬಹುದು. ನಾವು ಪ್ರತಿ ವರ್ಷ ಸಂಪುಟ ಸಭೆಯ ಕಡೆ ಮುಖ ಮಾಡಿ ಕೂರಬೇಕು. ಕೊಟ್ಟರೆ ಕೊಡುಗೆ, ಕೊಡದಿದ್ದರೆ ಕೇಳುವ ಹಾಗಿಲ್ಲ. ಕೊಡದೇ ಇರುತ್ತಾರೆಯೇ ಎನ್ನುವವರು 2020ನೇ ಇಸವಿಯನ್ನು ನೆನೆಯಲಿ. ಕೋವಿಡ್ ಹೆಸರಿನಲ್ಲಿ ಮೂರು ಕಂತಿನ ತುಟ್ಟಿಭತ್ಯೆ ತಡೆಹಿಡಿದರು, 18 ತಿಂಗಳ ಬಾಕಿಯನ್ನು ಇವತ್ತಿಗೂ ಕೊಟ್ಟಿಲ್ಲ. 34,402 ಕೋಟಿ ರೂಪಾಯಿ ಉಳಿತಾಯವಾಯಿತೆಂದು ಸಂಸತ್ತಿನಲ್ಲೇ ಸರ್ಕಾರ ಹೇಳಿತು. ಸರಕು ರೈಲುಗಳು ಆ ಲಾಕ್‌ಡೌನಿನಲ್ಲಿ ಒಂದು ದಿನವೂ ನಿಂತಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಿಕೊಳ್ಳಿ.

ಈಗ ಏಳು ಸಾವಿರದ ಜಾತಕ. ಮೊದಲು ಈ ಮಿತಿ 2,500 ಇತ್ತು, ಆಮೇಲೆ 3,500. 2014ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 7,000 ಮಾಡಿದರು. ಆಗ 6ನೇ ವೇತನ ಆಯೋಗದ ಕಾಲ, ಕನಿಷ್ಠ ಮೂಲ ವೇತನ ಸರಿಯಾಗಿ 7,000ವೇ ಇತ್ತು. ಹಾಗಾಗಿ ಅದು ಆಗ ಒಪ್ಪುವ ಲೆಕ್ಕ. 2016ರ ಜನವರಿಯಿಂದ 7ನೇ ವೇತನ ಆಯೋಗದ ಪ್ರಕಾರ ಕನಿಷ್ಠ ವೇತನ 18,000 ಆಯಿತು. ಮಿತಿ ಮಾತ್ರ ಏಳು ಸಾವಿರದಲ್ಲೇ ಬೇರು ಬಿಟ್ಟಿತು. ಇವತ್ತು 8ನೇ ವೇತನ ಆಯೋಗವೂ ರಚನೆಯಾಗಿದೆ, ಮಿತಿ ಇನ್ನೂ ಆರನೆಯದರಲ್ಲೇ ಇದೆ.

ಇನ್ನೊಂದು ಅನ್ಯಾಯ ಇದಕ್ಕಿಂತ ಸೂಕ್ಷ್ಮವಾದದ್ದು, ದಯವಿಟ್ಟು ನಿಧಾನವಾಗಿ ಓದಿ. 2015ರಲ್ಲಿ ಬೋನಸ್ ಕಾಯಿದೆ ತಿದ್ದುವಾಗ ಖಾಸಗಿ ಕಾರ್ಮಿಕರಿಗೆ ಇಟ್ಟ ಮಿತಿ ಬರೀ 7,000 ಅಲ್ಲ. 7,000 ಅಥವಾ ಆ ಕೆಲಸಕ್ಕೆ ಗೊತ್ತುಪಡಿಸಿದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಹೆಚ್ಚೋ ಅದು. ಕನಿಷ್ಠ ವೇತನ ಏರಿದಂತೆ ಅವರ ಬೋನಸ್ಸೂ ತಾನಾಗಿಯೇ ಏರುತ್ತದೆ. ಸರ್ಕಾರ ತನ್ನ ನೌಕರರ ಆದೇಶ ಬರೆಯುವಾಗ 7,000 ಎಂಬ ಅಂಕಿಯನ್ನು ಎತ್ತಿಕೊಂಡಿತು, 'ಯಾವುದು ಹೆಚ್ಚೋ ಅದು' ಎಂಬ ಮಾತನ್ನು ಬಿಟ್ಟುಬಿಟ್ಟಿತು. ಪೂರ್ತಿ ಕಾಯಿದೆಯಲ್ಲಿ ನಮಗೆ ಬೇಡವಾದ ಅರ್ಧ ಸಾಲು ಮಾತ್ರ ನಮಗೆ ಅನ್ವಯ!

ಇದರಿಂದ ಏನಾಗುತ್ತದೆ ನೋಡಿ. 2024ರ ಅಕ್ಟೋಬರಿನ ದರದಂತೆ ಕೇಂದ್ರದ ವ್ಯಾಪ್ತಿಯ 'ಎ' ವರ್ಗದ ನಗರದಲ್ಲಿ, ಅಂದರೆ ಬೆಂಗಳೂರಿನಂಥ ಕಡೆ, ಕಸ ಗುಡಿಸುವ ಗುತ್ತಿಗೆ ಕೆಲಸಗಾರ್ತಿಯ ಕನಿಷ್ಠ ಕೂಲಿ ದಿನಕ್ಕೆ 783, ತಿಂಗಳಿಗೆ 20,358 ರೂಪಾಯಿ. ವರ್ಷವಿಡೀ ದುಡಿದರೆ ಶೇ. 8.33ರ ಲೆಕ್ಕದಲ್ಲಿ ಆಕೆಗೆ ಬರಬೇಕಾದ ಕನಿಷ್ಠ ಬೋನಸ್ 20,350 ರೂಪಾಯಿ. ಕಾಯಂ ಗ್ಯಾಂಗ್‌ಮನ್‌ಗಿಂತ ಹೆಚ್ಚು. ಆಕೆಗೆ ಹೆಚ್ಚು ಸಿಕ್ಕರೆ ನಮಗೆ ಹೊಟ್ಟೆಕಿಚ್ಚಿಲ್ಲ, ಸಂತೋಷವೇ. ಆದರೆ ಸಿಗುತ್ತಿದೆಯೇ? ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ಹೆಮ್ಮೆಯಿಂದ ಫೋಟೊ ಹಿಡಿಸಿಕೊಳ್ಳುತ್ತೇವಲ್ಲ, ಅದನ್ನು ಈ ತುದಿಯಿಂದ ಆ ತುದಿಗೆ ಗುಡಿಸುವವರನ್ನು ಒಮ್ಮೆ ನಿಲ್ಲಿಸಿ ಕೇಳಿ: "ಅಕ್ಕಾ, ಹೋದ ವರ್ಷ ಬೋನಸ್ ಎಷ್ಟು ಬಂತು?"

ಗುತ್ತಿಗೆಯವರನ್ನು ಕಾಡುವ ಇನ್ನೊಂದು ಮಿತಿಯೂ ಇದೆ. ತಿಂಗಳ ವೇತನ 21,000 ದಾಟಿದರೆ ಬೋನಸ್ಸಿಗೆ ಅರ್ಹತೆಯೇ ಇಲ್ಲ ಎಂದು 2015ರ ತಿದ್ದುಪಡಿ ಹೇಳಿತು. ಮೇಲೆ ಹೇಳಿದ ಅದೇ ದರಪಟ್ಟಿಯಲ್ಲಿ ಅರೆಕುಶಲ ಕೆಲಸಗಾರನ ಕನಿಷ್ಠ ಕೂಲಿ ತಿಂಗಳಿಗೆ 22,568 ಆಯಿತು. ಇದಕ್ಕಿಂತ ಕಡಿಮೆ ಕೊಟ್ಟರೆ ಅಪರಾಧ, ಇಷ್ಟು ಕೊಟ್ಟರೆ ಬೋನಸ್ ಇಲ್ಲ. ಕನಿಷ್ಠ ಕೂಲಿಯವನನ್ನೇ ಸಿರಿವಂತರ ಪಟ್ಟಿಗೆ ಸೇರಿಸಿದ ಮಿತಿಗೆ ಏನೆನ್ನಬೇಕೋ ನೀವೇ ಹೇಳಿ.

2025ರ ನವೆಂಬರ್ 21ರಿಂದ ಹಳೆಯ ಬೋನಸ್ ಕಾಯಿದೆಯ ಜಾಗದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಅಗಳಿ ಅದರಲ್ಲೂ ಹಾಗೆಯೇ ಇದೆ, ಸರ್ಕಾರಿ ಇಲಾಖೆಯ ಉದ್ಯಮಗಳ ನೌಕರರು ಬೋನಸ್ ಅಧ್ಯಾಯದಿಂದ ಹೊರಗೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅರ್ಹತೆಯ ಮಿತಿ, ಲೆಕ್ಕದ ಮಿತಿ ಎರಡನ್ನೂ ಇನ್ನು ಸರ್ಕಾರ ಬರೀ ಅಧಿಸೂಚನೆಯಿಂದ ಗೊತ್ತುಪಡಿಸಬಹುದು. ಸಂಸತ್ತಿನಲ್ಲಿ ತಿದ್ದುಪಡಿ ತರಬೇಕು, ಅಧಿವೇಶನ ಬರಲಿ ಎಂಬ ನೆಪ ಇನ್ನು ನಡೆಯದು. ನಮ್ಮ ಏಳು ಸಾವಿರಕ್ಕಂತೂ ಸಂಸತ್ತು ಎಂದೂ ಬೇಕಿರಲಿಲ್ಲ. ಹಣಕಾಸು ಮತ್ತು ರೈಲ್ವೆ ಇಲಾಖೆಯ ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗುತ್ತದೆ.

ಉತ್ಪಾದಕತೆಯ ಮಾತಿಗೆ ಬರೋಣ, ಬೋನಸ್ಸಿನ ಹೆಸರಲ್ಲೇ ಅದು ಇದೆಯಲ್ಲ. 2010-11ರಲ್ಲಿ ರೈಲ್ವೆ ಸಾಗಿಸಿದ ಸರಕು 92 ಕೋಟಿ ಟನ್. 2024-25ರಲ್ಲಿ 161 ಕೋಟಿ ಟನ್. ಆಗಲೂ 78 ದಿನ, ಈಗಲೂ 78 ದಿನ.

ಆ ಸರಕಿನ ಒಂದು ಪಾಲು ಸಾಗುವುದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯಲ್ಲಿ. ಐವತ್ತೈದು ಕಿಲೋಮೀಟರು, ಐವತ್ತಕ್ಕೂ ಹೆಚ್ಚು ಸುರಂಗ. ಮಳೆಗಾಲದ ರಾತ್ರಿ ಅಲ್ಲಿ ಹಳಿಯ ಮೇಲೆ ನಡೆಯುವ ಪೆಟ್ರೋಲ್‌ಮನ್‌ನ ಹೆಗಲಿಗೆ ಒಂದು ಚೀಲ. ಅದರಲ್ಲಿ ಕೆಂಪು-ಹಸಿರು ಬಾವುಟ, ದೀಪ, ರೈಲು ನಿಲ್ಲಿಸಲು ಹಳಿಗೆ ಕಟ್ಟುವ ಡಿಟೋನೇಟರು. ಮೈಮೇಲೆ ರೇನ್‌ಕೋಟು, ಅವನು ಎಲ್ಲಿ ನಿಂತ ಎಲ್ಲಿ ನಡೆದ ಎಂದು ಕಂಟ್ರೋಲಿಗೆ ತಿಳಿಸುವ ಜಿಪಿಎಸ್ ಯಂತ್ರ. ಕಾಲಿಗೆ ಹತ್ತಿದ ಜಿಗಣೆ ಕೀಳಲು ನಿಂತರೂ ಯಂತ್ರಕ್ಕೆ ಗೊತ್ತಾಗುತ್ತದೆ. ಜಲ್ಲಿ ತೇವವಾಗಿದ್ದರೆ ಎಲ್ಲಿ ಕಾಲಿಡಬೇಕು, ಚರಂಡಿಯ ನೀರಿನ ಬಣ್ಣ ಕೆಂಪಾದರೆ ಮೇಲೆ ಮಣ್ಣು ಸಡಿಲಾಗಿದೆ ಎಂದು ಹೇಗೆ ತಿಳಿಯಬೇಕು, ಇದನ್ನೆಲ್ಲ ಅವನು ಕಲಿತದ್ದು ಹಿರಿಯ ಗ್ಯಾಂಗ್‌ಮನ್‌ಗಳ ಜೊತೆ ನಡೆದು. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದಾಗ ಸುರಿವ ಮಳೆಯಲ್ಲಿ ಕಲ್ಲುಚೀಲ ಹೊತ್ತು ದಾರಿ ಮತ್ತೆ ಕಟ್ಟಿದವರು ಇವರೇ, ಇವರ ಜೊತೆಯ ಗುತ್ತಿಗೆ ಕೂಲಿಗಳೇ. ಆ ರಾತ್ರಿಗಳ ಬೆಲೆಯನ್ನು ತಿಂಗಳಿಗೆ ಏಳು ಸಾವಿರ ಎಂದು ಹಿಡಿಯುವ ಲೆಕ್ಕಿಗ ಒಂದು ಮಳೆಗಾಲ ಅಲ್ಲಿ ನಡೆದುಬರಲಿ. ಚೀಲ ನಾವು ಕೊಡುತ್ತೇವೆ.

ಅದೇ ಸರ್ಕಾರದ ಒಡೆತನದ ಸಾರ್ವಜನಿಕ ಉದ್ದಿಮೆಗಳಲ್ಲಿ ಅಧಿಕಾರಿಗಳಿಗೆ ಕಾರ್ಯಕ್ಷಮತೆಯ ಭತ್ಯೆ ಉಂಟು. ಅದನ್ನು ಲೆಕ್ಕ ಹಾಕುವುದು ಅವರ ನಿಜವಾದ ಮೂಲ ವೇತನದ ಶೇಕಡಾವಾರಿನಲ್ಲಿ, ಹುದ್ದೆ ಮೇಲೇರಿದಷ್ಟೂ ಶೇಕಡಾ ಏರುತ್ತದೆ. ಅವರ ಪಗಾರ ಏಳು ಸಾವಿರ ಎಂದು ಯಾರೂ ನಟಿಸುವುದಿಲ್ಲ.

ಹಾಗೆಂದು ಮಿತಿಯೇ ಬೇಡ ಎನ್ನುವವರಲ್ಲ ನಾವು. ಜನರ ತೆರಿಗೆಯ ಹಣಕ್ಕೆ ಕಟ್ಟುಪಾಡು ಇರಬೇಕು. ಮಿತಿ ಇದ್ದರೆ ದೊಡ್ಡ ಪಗಾರದವರು ದೊಡ್ಡ ಪಾಲು ಬಾಚಿಕೊಳ್ಳುವುದು ತಪ್ಪುತ್ತದೆ, ಕೆಳಗಿನವನಿಗೂ ಮೇಲಿನವನಿಗೂ ಸಮಪಾಲು ಬರುತ್ತದೆ. ಅದು ಒಳ್ಳೆಯದೇ. ನಮ್ಮೊಳಗಿನ ಕೆಲವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ಆದರೂ ಹೇಳುತ್ತೇವೆ. ನಮ್ಮ ತಕರಾರು ಮಿತಿ ಕನಿಷ್ಠ ವೇತನಕ್ಕಿಂತ ಕೆಳಗಿರುವುದರ ಬಗ್ಗೆ. ಮಿತಿಯನ್ನು 18,000ಕ್ಕೆ ತನ್ನಿ. ಮುಂದೆ ವೇತನ ಆಯೋಗ ಕನಿಷ್ಠ ವೇತನ ಏರಿಸಿದಾಗ ಅದೂ ಜೊತೆಗೇ ಏರಲಿ. ಆಗ 78 ದಿನದ ಬೋನಸ್ 46,159 ರೂಪಾಯಿ ಆಗುತ್ತದೆ.

ಖಜಾನೆಗೆ ಎಷ್ಟು ಹೊರೆ? 2025ರಲ್ಲಿ 10,91,146 ರೈಲ್ವೆ ನೌಕರರಿಗೆ ಬೋನಸ್ಸಿಗಾಗಿ ಸಂಪುಟ ಒಪ್ಪಿದ ಮೊತ್ತ 1,865.68 ಕೋಟಿ. ಮಿತಿ ಏರಿಸಿದರೆ ಹೆಚ್ಚಿಗೆ ಬೇಕಾಗುವುದು ಮೂರು ಸಾವಿರ ಕೋಟಿಯೊಳಗೆ. 2025-26ರ ಬಜೆಟ್ಟಿನಲ್ಲಿ ರೈಲ್ವೆಯ ಬಂಡವಾಳ ವೆಚ್ಚಕ್ಕೆ ಇಟ್ಟದ್ದು 2,52,000 ಕೋಟಿ. ಬೋನಸ್ ಆ ಬಾಬತ್ತಿನಿಂದ ಬರುವುದಲ್ಲ, ಗೊತ್ತು. ಹೊಸ ಬೋಗಿ, ಹೊಸ ನಿಲ್ದಾಣಕ್ಕೆ ಕೊಡುವ ನೂರು ರೂಪಾಯಿಯ ಎದುರು ಹಳಿ ಕಾಯುವವನು ಕೇಳುತ್ತಿರುವುದು ಒಂದು ರೂಪಾಯಿ ಚಿಲ್ಲರೆ ಎಂಬ ಅಂದಾಜಿಗಾಗಿ ಹೇಳಿದೆವು.

ಇದು ಯಾವ ಪಕ್ಷದ ಕರಪತ್ರವೂ ಅಲ್ಲ. 1975ರಲ್ಲಿ ಕತ್ತರಿ ಹಿಡಿದವರು ಒಬ್ಬರು, 2016ರಿಂದ ಮಿತಿಯನ್ನು ಕಾಯುತ್ತ ಕೂತವರು ಇನ್ನೊಬ್ಬರು.

ಬಂಧುಗಳೇ, ಮಾತು ಸಾಕು, ಈಗ ಮಾಡಬೇಕಾದ ಕೆಲಸ.

ರೈಲ್ವೆ ಮತ್ತು ಕೇಂದ್ರ ಕಚೇರಿಗಳ ನೌಕರರೇ, ನಿಮ್ಮ ಸಂಘ ಯಾವುದೇ ಇರಲಿ, ಬಾವುಟದ ಬಣ್ಣ ಯಾವುದೇ ಇರಲಿ, ಏಳು ಸಾವಿರದ ವಿಷಯದಲ್ಲಿ ಒಂದೇ ಮನವಿಗೆ ಸಹಿ ಹಾಕಿ. ಬೋನಸ್ ಬಂದ ತಿಂಗಳ ಪಗಾರ ಚೀಟಿಯ ನಕಲನ್ನು ಅದಕ್ಕೆ ಲಗತ್ತಿಸಿ. 17,951 ಎಂಬ ಅಂಕಿಯ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ನಿಮ್ಮ ಕ್ಷೇತ್ರದ ಲೋಕಸಭಾ ಸದಸ್ಯರ ಕಚೇರಿಗೆ ಖುದ್ದಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕನಿಷ್ಠ ವೇತನ 18,000 ಇರುವಾಗ ಬೋನಸ್ ಲೆಕ್ಕಕ್ಕೆ 7,000 ಯಾಕೆ ಎಂಬ ಒಂದೇ ಪ್ರಶ್ನೆಯನ್ನು ಸದನದಲ್ಲಿ ಕೇಳಲು ಅವರನ್ನು ಒತ್ತಾಯಿಸಿ. 8ನೇ ವೇತನ ಆಯೋಗಕ್ಕೆ ನಿಮ್ಮ ಸಂಘದಿಂದ ಹೋಗುವ ಪ್ರತಿ ಪತ್ರದಲ್ಲೂ ದಿನಗೂಲಿಯವರ 1,200 ರೂಪಾಯಿಯ ಮಿತಿ ಮೊದಲ ಪುಟದಲ್ಲಿರಲಿ. ನಮ್ಮದಕ್ಕಿಂತ ಮೊದಲು ಅವರದು.

ಗುತ್ತಿಗೆಯ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮಗೆ ಯಾರ ಕೃಪೆಯೂ ಬೇಕಿಲ್ಲ, ಕಾನೂನೇ ಇದೆ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೆ, ವೇತನ ಮಿತಿಯೊಳಗಿದ್ದರೆ ಶೇ. 8.33 ನಿಮ್ಮ ಹಕ್ಕು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ, ಅಂದರೆ ನವೆಂಬರ್ ಕೊನೆಯೊಳಗೆ, ನಿಮ್ಮ ಬ್ಯಾಂಕ್ ಖಾತೆಗೇ ಬರಬೇಕು. ಕೈಯಲ್ಲಿ ಐನೂರು ಕೊಟ್ಟು ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೇಸ್ತ್ರಿಗೆ ಹೆಬ್ಬೆಟ್ಟು ಕೊಡಬೇಡಿ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ಹಾಜರಿ ಪುಸ್ತಕದ ಫೋಟೊ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಜೋಡಿಸಿ ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಗೆ ಅರ್ಜಿ ಹಾಕೋಣ. ಅರ್ಜಿ ಬರೆಯಲು ಬಾರದಿದ್ದರೆ ನಾವು ಬರೆದುಕೊಡುತ್ತೇವೆ, ಕಚೇರಿಗೂ ಜೊತೆಗೆ ಬರುತ್ತೇವೆ.

ಅಂಗಡಿಯವರೇ, ಆಟೊದವರೇ, ಊರ ಜನರೇ, ನಿಮ್ಮಲ್ಲಿ ಒಂದು ವಿನಂತಿ. ಈ ಸಲ ದಸರೆಗೆ ಬಂಪರ್ ಸುದ್ದಿ ಓಡಿದಾಗ ಪರಿಚಯದ ರೈಲ್ವೆಯವನೊಬ್ಬನ ಪಗಾರ ಚೀಟಿ ಕೇಳಿ ನೋಡಿ. ನಮ್ಮ ಕೈಗೆ ಬಂದ ದುಡ್ಡು ಸಂಜೆಯೊಳಗೆ ನಿಮ್ಮ ಗಲ್ಲಾಪೆಟ್ಟಿಗೆಗೇ ಬರುವುದು, ಅಲ್ಲಿಗೆ ಎಷ್ಟು ಬಂತು ಎಂಬುದು ನಿಮಗೂ ಗೊತ್ತು.

ಏಳು ಸಾವಿರದ ಮಿತಿ ರದ್ದಾಗಲಿ!
ದಿನಗೂಲಿಯವರ 1,200 ರೂಪಾಯಿಯ ಲೆಕ್ಕ ಸುಟ್ಟುಹೋಗಲಿ!
ಕಾಯಂ ನೌಕರ, ಗುತ್ತಿಗೆ ಕೆಲಸಗಾರ ಒಂದಾಗಲಿ!

ಆಯುಧಪೂಜೆಗೆ ಮುಂಚಿನ ಸೋಮವಾರ ಸಂಜೆ ಪಾಳಿ ಬಿಟ್ಟ ಮೇಲೆ ಎಲ್ಲರೂ ರೈಲು ನಿಲ್ದಾಣದ ಮುಂದೆ ಸೇರೋಣ. ಮನೆಯವರನ್ನೂ ಕರೆತನ್ನಿ. ಪಗಾರ ಚೀಟಿ ಮರೆಯಬೇಡಿ.

ಓದಿದ ಮೇಲೆ ಈ ಕಾಗದ ಬಿಸಾಡದೆ ಪಕ್ಕದವರಿಗೆ ಕೊಡಿ.

ಹುಬ್ಬಳ್ಳಿಯ ರೈಲ್ವೆ ಕಾರ್ಮಿಕರು ಮತ್ತು ಗುತ್ತಿಗೆ ಕೆಲಸಗಾರರು